ಕಾಮೋಠೆಯ ಫ್ಲಾಟಿಗೆ ಬಂದ ಬ್ಯಾಚಲರ್

"ಓನರ್ ಯಾವಾಗ ಬರ್ತಾರೆ?" ಎಂದು ಅವನು ಕೇಳಿದ್ದೇ ತಡ, ಹರಿಣಾಕ್ಷಿಗೆ ಮೈಯೆಲ್ಲ ಉರಿದುಹೋಯಿತು.

ಮರಾಠಿ ಸೀಮೆಯ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದು, ಬೇಲಾಪುರದ ಆಫೀಸಿನಲ್ಲಿ ದುಡಿದು, ಲೋನ್ ತೆಗೆದು ಕಾಮೋಠೆಯಲ್ಲಿ ಪುಟ್ಟ ಫ್ಲಾಟ್ ಕೊಂಡವಳು ಅವಳು. ಬಾಡಿಗೆಗೆ ಕೊಡಬೇಕೆಂದೇ ಕೊಂಡದ್ದು. ಅಪ್ಪ ಎಲ್ಲಿ ಎಂದು ಬಿಲ್ಡರ್ ಕೇಳಿದ್ದ, ಗಂಡ ಎಲ್ಲಿ ಎಂದು ಬ್ಯಾಂಕಿನವರು ಕೇಳಿದ್ದರು. ಈಗ ಮನೆ ನೋಡಲು ಬಂದವನೂ!

"ಓನರ್ ನಾನೇ. ಎಂತ, ಮೀಸೆ ಬೇಕಿತ್ತಾ?"

ಅವನು ಲತೇಶ್, ಉಡುಪಿ ಕಡೆಯವನು, ಘಣಸೋಲಿಯ ಹೋಟೆಲೊಂದರ ಮ್ಯಾನೇಜರ್. ಕಿವಿಯವರೆಗೂ ಕೆಂಪಾದ. "ತಪ್ಪಾಯ್ತು ಮೇಡಂ. ಮೀಸೆ ಇಲ್ಲದ್ದೇ ಒಳ್ಳೇದಾಯ್ತು" ಅಂದುಬಿಟ್ಟು, ಆಡಿದ ಮಾತಿಗೆ ತಾನೇ ಹೆದರಿ ಗೋಡೆ ನೋಡತೊಡಗಿದ. ನಗು ಅಡಗಿಸಲು ಅವಳು ಕಿಟಕಿಯತ್ತ ತಿರುಗಬೇಕಾಯಿತು.

ಅಗ್ರಿಮೆಂಟ್ ಆಯಿತು. ನಲ್ಲಿ ಸೋರಿತು, ಸ್ವಿಚ್ ಸುಟ್ಟುಹೋಯಿತು. ಮನೆ ಕೊಟ್ಟ ಮೇಲೆ ರಿಪೇರಿಯೂ ತನ್ನದೇ ಎಂಬುದು ಹೊಸ ಓನರಿಗೆ ಗೊತ್ತಿರಲಿಲ್ಲ. ಅವಳು ಪ್ಲಂಬರನನ್ನು ಕರೆತಂದಾಗಲೆಲ್ಲ ಲತೇಶ್ ಚಹಾ ಮಾಡುತ್ತಿದ್ದ. ಬರಬರುತ್ತ ನಲ್ಲಿ ಸರಿಯಿದ್ದರೂ ಚಹಾ ಆಗುತ್ತಿತ್ತು. ಲೋಟ ಕೊಡುವಾಗ ಅವನ ಕಣ್ಣು ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು; ಅವಳು ಗೊತ್ತಿಲ್ಲದವಳಂತೆ ಚಹಾ ಊದುತ್ತಿದ್ದಳು.

ಒಂದು ದಿನ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಮೆಟ್ಟಿಲಲ್ಲೇ ತಡೆದ. "ಬ್ಯಾಚಲರ್ ನಹೀ ಚಲೇಗಾ, ಮ್ಯಾಡಮ್. ಊಪರ್ ಸೇ ಆಪ್ ಭೀ ಆತೀ ಜಾತೀ ಹೋ. ಫ್ಯಾಮಿಲಿ ಬಿಲ್ಡಿಂಗ್ ಹೈ."

ಫ್ಯಾಮಿಲಿಗಳ ಬಿಲ್ಡಿಂಗಿನಲ್ಲಿ ಬ್ಯಾಚಲರ್ ನಡೆಯುವುದಿಲ್ಲವಂತೆ, ಸಾಲದ್ದಕ್ಕೆ ಅವಳೂ ಬಂದುಹೋಗುತ್ತಾಳಂತೆ! ಹರಿಣಾಕ್ಷಿಯ ಹಿಂದಿಗೂ ಬೆಂಕಿ ಹತ್ತಿತು. ಮೇಂಟೆನೆನ್ಸ್ ದುಡ್ಡು ಕೇಳುವಾಗ ನಾನು ಓನರ್, ಮೆಟ್ಟಿಲು ಹತ್ತುವಾಗ ಮಾತ್ರ ಹೆಂಗಸೇ ಎಂದು ಕೇಳಿದಳು. ಭಾನುವಾರದ ಮೀಟಿಂಗಿನಲ್ಲಿ ಎಲ್ಲರೆದುರೇ ಮಾತಾಡುತ್ತೇನೆ ಎಂದು ಹೇಳಿಹೋದಳು.

ಭಾನುವಾರ ಬಂದು ನೋಡಿದರೆ ಮನೆ ಖಾಲಿ. ಲತೇಶ್ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಯಾರನ್ನು ಕೇಳಿ ಖಾಲಿ ಮಾಡಿದ್ರಿ?"

"ನಿಮ್ಮ ಹೆಸರು ಹಾಳಾಗೋದು ಬೇಡ ಅಂತ..."

"ನನ್ನ ಹೆಸರಿನ ಬಗ್ಗೆ ನನ್ನನ್ನು ಕೇಳ್ಲಿಕ್ಕೆ ಬಾಯಿ ಇರ್ಲಿಲ್ವಾ? ಅವರೂ ನನಗೋಸ್ಕರ ತೀರ್ಮಾನ ಮಾಡ್ತಾರೆ, ನೀವೂ ಮಾಡ್ತೀರಿ. ಎಂತ ವ್ಯತ್ಯಾಸ?"

ಅವನು ತಲೆ ತಗ್ಗಿಸಿದ. "ಕೇಳ್ಬೇಕಿತ್ತು. ತಪ್ಪು ನಂದೇ. ಆದ್ರೆ ಇನ್ನೊಂದು ಕಾರಣ ಉಂಟು. ನಂಗೆ ನೀವಂದ್ರೆ ಜೀವ. ಇಲ್ಲಿ ಬಾಡಿಗೆಗೆ ಇದ್ದುಕೊಂಡು ಹೇಳಿದ್ರೆ ಫ್ಲಾಟಿಗೆ ಆಸೆಪಟ್ಟ ಅಂತಿದ್ರು. ಈಗ ಕೇಳ್ತೇನೆ. ನನ್ನನ್ನು ಮದುವೆ ಆಗ್ತೀರಾ?"

"ಕೇಳುವ ರೀತಿಯಾ ಇದು? ಕೂತ್ಕೊಳ್ಳಿಕ್ಕೆ ಒಂದು ಕುರ್ಚಿ ಸಹ ಇಲ್ಲ!" ಬೈಯುತ್ತಲೇ ಅವಳ ಕಣ್ಣು ತುಂಬಿತು. "ಆಗ್ತೇನೆ. ಮೊದ್ಲು ಮೀಟಿಂಗಿಗೆ ಬನ್ನಿ."

ಬ್ಯಾಚಲರಿಗೆ ಮನೆ ಕೊಡಬಾರದೆಂಬ ನಿಯಮ ಎಲ್ಲಿದೆ, ತೋರಿಸಿ ಎಂದಳು ಮೀಟಿಂಗಿನಲ್ಲಿ. ಸೆಕ್ರೆಟರಿ ಫೈಲೆಲ್ಲ ತಿರುವಿ ಹಾಕಿದ, ನಿಯಮ ಸಿಗಲಿಲ್ಲ.

ಮದುವೆಯಾದ ಮೇಲೆ ಸೆಕ್ರೆಟರಿಯೇ ನಗುನಗುತ್ತ ಫ್ಲಾಟಿನ ಬಾಗಿಲಿಗೆ ಬಂದ. ಈಗ ನೀವೇ ಇಲ್ಲಿರಬಹುದಲ್ಲ, ಫ್ಯಾಮಿಲಿಗೆ ಅಡ್ಡಿಯಿಲ್ಲ ಎಂದ. ಹರಿಣಾಕ್ಷಿ ಪಕ್ಕಕ್ಕೆ ಸರಿದು, ಹಿಂದೆ ಚೀಲ ಹೊತ್ತು ನಿಂತಿದ್ದ ಇಬ್ಬರು ನರ್ಸ್ ಹುಡುಗಿಯರಿಗೆ ದಾರಿ ಬಿಟ್ಟಳು. ಇಬ್ಬರಿಗೂ ಮದುವೆಯಾಗಿರಲಿಲ್ಲ.

"ನಮ್ಮ ಫ್ಯಾಮಿಲಿ ಡೊಂಬಿವಲಿಯಲ್ಲಿ ಬಾಡಿಗೆಗೆ ಉಂಟು. ಇಲ್ಲಿ ಇವರು ಇರ್ತಾರೆ" ಎಂದಳು, ಅವನಿಗೆ ಅರ್ಥವಾಗದ ಕನ್ನಡದಲ್ಲೇ.

ಪಕ್ಕದಲ್ಲಿದ್ದ ಲತೇಶ್ ಅದನ್ನು ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದ, ಎಲ್ಲರೆದುರೇ ಅವಳ ಕೈ ಹಿಡಿದುಕೊಂಡು.