ಹಾಡು ಬಾರದ ಸತ್ಯವತಿ

ಕಾದಂಬರಿಯ ನಾಯಕಿ ಆಸ್ಪತ್ರೆಯ ಮಂಚದಲ್ಲಿ ಕೊನೆಯುಸಿರೆಳೆಯುತ್ತಿದ್ದಳು. ಸತ್ಯವತಿ ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿದಳು. ಸರಿಯಾಗಿ ಅದೇ ಹೊತ್ತಿಗೆ ಪಕ್ಕದ ಪೋರ್ಷನ್ನಿನಿಂದ ಮದುವೆಮನೆಯ ನಾದಸ್ವರ ಮೊಳಗಿತು.

ಅವಳ ದುಃಖವೆಲ್ಲ ಸಿಟ್ಟಾಯಿತು. ಪುಸ್ತಕದಲ್ಲಿ ಬೆರಳಿಟ್ಟುಕೊಂಡೇ ಹೋಗಿ ಬಾಗಿಲು ಬಡಿದಳು.

"ಏನ್ರೀ ಇದು? ಇಲ್ಲಿ ಒಬ್ಬಳು ಸಾಯ್ತಾ ಇದಾಳೆ, ನೀವು ಮದುವೆ ಮಾಡಿಸ್ತಾ ಇದೀರಲ್ಲ!"

ಬಾಗಿಲು ತೆರೆದ ಸೇತುರಾಮನ ಮುಖ ಬಿಳಚಿಕೊಂಡಿತು. "ಅಯ್ಯೋ, ಯಾರ್ರೀ? ಡಾಕ್ಟರನ್ನ ಕರೀಲಾ?" ಎನ್ನುತ್ತ ಆಗಲೇ ಚಪ್ಪಲಿ ಮೆಟ್ಟಿದ್ದ.

ಸತ್ಯವತಿ ಪುಸ್ತಕ ತೋರಿಸಿದಳು. ಅವನು ಅವಳನ್ನೂ ನೋಡಿದ, ಪುಸ್ತಕವನ್ನೂ ನೋಡಿದ. ನಗಲಿಲ್ಲ. ನಕ್ಕಿದ್ದರೆ ಈ ಕಥೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಒಳಗೆ ಹೋಗಿ ನಾದಸ್ವರದ ರೆಕಾರ್ಡು ನಿಲ್ಲಿಸಿ ಬಂದು, "ಸಾಯೋಳು ವಯಸ್ಸಾದೋಳಾ, ಚಿಕ್ಕವಳಾ?" ಎಂದು ಕೇಳಿದ.

"ಚಿಕ್ಕವಳು."

"ಹಾಗಿದ್ರೆ ಸಾರಂಗಿ. ಹೋಗಿ ಓದಿ, ಹಾಕ್ತೀನಿ."

ಅದು 1974ರ ರಾಜಾಜಿನಗರ. ಸತ್ಯವತಿ ಪ್ರೈಮರಿ ಸ್ಕೂಲ್ ಟೀಚರ್. ಸಂಜೆ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿ ಹಿಡಿದಳೆಂದರೆ ಅಪ್ಪ ವೆಂಕಟಗಿರಿಯವರು ಊಟಕ್ಕೆ ಕೂಗಿದ್ದು ಕಿವಿಗೆ ಬೀಳುತ್ತಿರಲಿಲ್ಲ. ಸೇತುರಾಮ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವನ ಮನೆಯಲ್ಲಿ ಕೂರಲು ಕುರ್ಚಿ ಇರಲಿಲ್ಲ, ಗೋಡೆಯುದ್ದಕ್ಕೂ ಎಲ್‌ಪಿ ರೆಕಾರ್ಡುಗಳಿದ್ದವು.

ಅಂದಿನಿಂದ ಕಾಂಪೌಂಡಿನಲ್ಲಿ ಸಿಕ್ಕಾಗಲೆಲ್ಲ, "ಇವತ್ತು ಎಂಥ ಅಧ್ಯಾಯ?" ಎಂದು ಕೇಳುವುದು ಅವನಿಗೆ ರೂಢಿಯಾಯಿತು. ಜಗಳ ಎಂದರೆ ತಬಲಾ, ವಿರಹ ಎಂದರೆ ಕೊಳಲು. ಅವಳು ಮುಗಿಸಿದ ಪುಸ್ತಕವನ್ನು ತಾನೂ ಓದತೊಡಗಿದ. ಮನಸ್ಸಿಗೆ ಹಿಡಿಸಿದರೆ ಒಂದು ಪ್ರತಿ ಕೊಂಡು, ಅದರ ಜೊತೆ ನುಡಿದಿದ್ದ ರೆಕಾರ್ಡಿನ ಪಕ್ಕದಲ್ಲೇ ಜೋಡಿಸಿಡುತ್ತಿದ್ದ.

"ಜನಕ್ಕೆ ರೆಕಾರ್ಡ್ ತಿರುಗಿಸಿ ಹಾಕೋಕೆ ಸೋಮಾರಿತನ," ಎಂದ ಒಮ್ಮೆ, ಜಗಲಿಯ ಮೇಲೆ ಕುಳಿತು. "ಕಲಾವಿದರು ಮೈಮರೆತು ನುಡಿಸೋದು ಹಿಂದಿನ ಮುಖದಲ್ಲೇ."

"ಕಾದಂಬರೀಲೂ ಅಷ್ಟೆ. ಎಲ್ಲರೂ ಮೊದಲು, ಕೊನೆ ಹೇಳ್ತಾರೆ. ಪ್ರೀತಿ ಇರೋದು ನಡುವಿನ ಅಧ್ಯಾಯಗಳಲ್ಲಿ."

ಹೇಳಿದ ಮೇಲೆ, ಪ್ರೀತಿ ಎಂಬ ಮಾತು ಬಾಯಿಂದ ಬಂದದ್ದು ಅವಳಿಗೆ ಅರಿವಾಯಿತು. ಅವನು ಧೂಳೇ ಇಲ್ಲದ ಕವರನ್ನು ಒರೆಸುತ್ತಿದ್ದ. ಕಿವಿಗಳೆರಡೂ ಕೆಂಪಾಗಿದ್ದವು. ಸತ್ಯವತಿಗೆ ಆ ಕಿವಿಗಳು ತುಂಬ ಇಷ್ಟವಾದವು.

ಒಂದು ಸಂಜೆ ಅವನು ಗೇಟಿನ ಬಳಿ ಕಾದಿದ್ದ.

"ಭಾನುವಾರ ತುಮಕೂರಿಂದ ಅಮ್ಮ ಬರ್ತಾ ಇದಾರೆ. ನೋಡೋಕೆ."

"ರೆಕಾರ್ಡ್‌ಗಳನ್ನಾ?"

"ನಿಮ್ಮನ್ನ."

ಅವಳ ಮುಖದಲ್ಲಿ ಅರಳಿದ ನಗುವನ್ನು ನೋಡಿಯೂ ಅವನು ನಗಲಿಲ್ಲ. "ಆದ್ರೆ ಒಂದು ಎಡವಟ್ಟಾಗಿದೆ. ಹುಡುಗಿಗೆ ಸಂಗೀತ ಅಂದ್ರೆ ಪ್ರಾಣ ಅಂದಿದ್ದೆ. ನೀವು ಹಾಡ್ತೀರ ಅಂತ ಅಮ್ಮ ತಿಳ್ಕೊಂಡುಬಿಟ್ಟಿದಾರೆ. ಮದುವೆ ಆದ್ಮೇಲೆ ಅವರೂ ಇಲ್ಲೇ ಬಂದು ಇರ್ತಾರೆ. ಹಾಡೋ ಸೊಸೇನೇ ಬೇಕಂತೆ. ತುಮಕೂರಲ್ಲಿ ಅಂಥ ಹುಡುಗಿ ಒಬ್ಬಳನ್ನ ನೋಡಿಟ್ಟಿದಾರೆ."

"ನಾನು ಹಾಡಿದ್ರೆ ಹಾಲು ಒಡೆಯುತ್ತೆ ಕಣ್ರೀ!"

"ಅಮ್ಮ ಒಪ್ಪದಿದ್ರೂ ನಾನು ನಿಮ್ಮನ್ನೇ..."

"ಬೇಡ. ಅವರ ಮನಸ್ಸು ನೋಯಿಸಿ ನಾನು ಆ ಮನೆ ಹೊಸ್ತಿಲು ತುಳಿಯಲ್ಲ. ಗೆದ್ದೇ ಬರ್ತೀನಿ."

ಹೇಳುವುದೇನೋ ಹೇಳಿದಳು. ಮನೆಯೊಳಗೆ ಹೋಗುವಷ್ಟರಲ್ಲಿ ಧೈರ್ಯವೆಲ್ಲ ಕರಗಿತ್ತು. ಕಂಡರಿಯದ ಆ ತುಮಕೂರಿನ ಹುಡುಗಿಯ ಗಂಟಲನ್ನು ನೆನೆದು ಹೊಟ್ಟೆ ಉರಿಯಿತು.

ಭಾನುವಾರ ಸೇತುರಾಮನ ತಾಯಿ ಅಕ್ಕಯ್ಯಮ್ಮ ಬಂದು, ಕೇಸರಿಬಾತು ತಿಂದು, ಕಾಫಿ ಕುಡಿದು, "ಒಂದು ಹಾಡು ಹೇಳಮ್ಮ," ಎಂದರು.

"ಹಾಡೋಕೆ ಬರಲ್ಲಮ್ಮ," ಎಂದಳು ಸತ್ಯವತಿ ತಲೆಯೆತ್ತಿ. "ಕೇಳೋಕೆ ಬರುತ್ತೆ. ಓದೋಕೆ ಬರುತ್ತೆ."

ಅಕ್ಕಯ್ಯಮ್ಮ ಲೋಟ ಕೆಳಗಿಟ್ಟರು. "ಮೊದಲು ಮನೇಲಿ ನಾನೇ ಹಾಡ್ತಿದ್ದೆ. ಕಾಯಿಲೆ ಬಂದು ಗಂಟಲು ಹೋಯ್ತು. ಸಂಜೆ ಆದ್ರೆ ಮನೆ ಬಿಕೋ ಅನ್ನುತ್ತೆ. ಇವನ ರೆಕಾರ್ಡು ಎಷ್ಟಾದ್ರೂ ಪರರ ದನಿ. ನನಗೆ ಮನೆಯವರ ದನಿ ಬೇಕಾಗಿತ್ತು ಕಣಮ್ಮ." ಸೆರಗು ಸರಿಮಾಡಿಕೊಂಡು ಏಳಲು ಹೊರಟರು.

ದನಿ ತಾನೆ? ಅದು ತನ್ನಲ್ಲೂ ಇತ್ತಲ್ಲ! ಸತ್ಯವತಿ ಸೇತುರಾಮನತ್ತ ನೋಡಿದಳು. "ರೈಲು ಹತ್ತೋ ಅಧ್ಯಾಯಕ್ಕೆ ಹಾಕಿದ್ರಲ್ಲ, ಆ ವಯಲಿನ್ ಹಾಕ್ತೀರಾ? ಹಿಂದಿನ ಮುಖ. ಸಣ್ಣಗೆ." ಅವನು ಓಡಿದ. ಗೋಡೆಯಾಚೆಯಿಂದ ವಯಲಿನ್ ಹರಿದು ಬಂತು. ಅವಳು ಕಾದಂಬರಿ ಬಿಡಿಸಿ ಓದತೊಡಗಿದಳು.

ಅಪ್ಪನೊಡನೆ ಮುನಿಸಿಕೊಂಡ ಹುಡುಗಿಯೊಬ್ಬಳು ಟ್ರಂಕು ಹಿಡಿದು ಸ್ಟೇಷನ್ನಿನಲ್ಲಿ ನಿಂತಿದ್ದಳು. ಹೋಗಲೋ ಬೇಡವೋ ಎಂದು ಅವಳು ಒದ್ದಾಡುವಾಗ ವಯಲಿನ್ನೂ ಒದ್ದಾಡಿತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಅಕ್ಕಯ್ಯಮ್ಮನ ಕೈ ತಾಳ ಮರೆತು ನಿಂತಿತು. ರೈಲು ಕೂಗಿತು. ಹುಡುಗಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಹಿಂದಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು.

ರೆಕಾರ್ಡು ಮುಗಿಯಿತು. ಸತ್ಯವತಿ ಪುಸ್ತಕ ಮುಚ್ಚಿದಳು.

"ಆಮೇಲೆ?" ಎಂದರು ಅಕ್ಕಯ್ಯಮ್ಮ. "ಕರೆದಿದ್ದು ಯಾರು?"

"ಅದು ಮುಂದಿನ ಅಧ್ಯಾಯದಲ್ಲಿದೆ."

"ಓದು ಮತ್ತೆ!"

ಸತ್ಯವತಿ ಪುಸ್ತಕವನ್ನು ಎದೆಗವಚಿಕೊಂಡಳು. "ಓದ್ತೀನಿ. ನಿಮ್ಮ ಸೊಸೆಯಾಗಿ ಬಂದ ಮೇಲೆ."

ವೆಂಕಟಗಿರಿಯವರಿಗೆ ಕಾಫಿ ನೆತ್ತಿಗೇರಿತು. ಆಗಷ್ಟೇ ತನ್ನ ಮನೆಯಿಂದ ಬಂದ ಸೇತುರಾಮ ಬಾಗಿಲಲ್ಲೇ ನಿಂತ. ಅಕ್ಕಯ್ಯಮ್ಮ ಅವಳನ್ನೇ ದಿಟ್ಟಿಸಿ ನೋಡಿ, ಮಗನ ಕಡೆ ತಿರುಗಿದರು.

"ಏನೋ ನೋಡ್ತಾ ನಿಂತಿದೀಯ? ಪಂಚಾಂಗ ತಗೊಂಬಾರೋ, ಹತ್ತಿರದ ಮುಹೂರ್ತ ನೋಡೋಣ. ಪಾಪ, ಆ ಹುಡುಗೀನ ಎಷ್ಟು ದಿನ ಅಂತ ರೈಲಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಲ್ಲಿಸೋದು?"