ಉಗುರು ಮೂಡಿದ ಪಂಜಾ

ಒಂದಾನೊಂದು ಕಾಲದಲ್ಲಿ, ಎಂದರೆ ಕಳೆದ ಮೊಹರಮ್ಮಿನಲ್ಲಿ, ಗರುಡಾಚಾರ್‌ಪಾಳ್ಯದ ತಗಡಿನ ಮನೆಗಳ ಸಾಲಿನಲ್ಲಿ ಒಬ್ಬ ದೇವರಿದ್ದ. ಹಿತ್ತಾಳೆಯ ಪಂಜಾ ಆತನ ರೂಪ. ಐದು ಬೆರಳು ಎತ್ತಿ ಹರಸುವ ಅಂಗೈ. ಯಾದಗಿರಿ ಕಡೆಯಿಂದ ಪಾಯ ತೋಡುವ ಕೆಲಸಕ್ಕೆ ಬಂದ ಹಿಂದೂ ಮನೆಗಳವರು ಆತನನ್ನು ಕಂಬಳಿಯಲ್ಲಿ ಸುತ್ತಿ ರೈಲಿನಲ್ಲಿ ಕರೆತಂದು ಪೀರಪ್ಪ ಎಂದು ಕರೆಯುತ್ತಿದ್ದರು. ಆತನ ಮುಖ ಎಲ್ಲರೂ ಕಂಡದ್ದೇ. ಬೆನ್ನು ಕಂಡವರು ಮಾತ್ರ ಹೊರುವ ಮನೆಯವರೊಬ್ಬರೇ, ಏಕೆಂದರೆ ತೊಳೆದು ನಿಲ್ಲಿಸಿದ ಕೂಡಲೆ ಹಿಂದಿನಿಂದ ರೇಷ್ಮೆ ದಟ್ಟಿ ಕಟ್ಟಿಬಿಡುತ್ತಾರೆ. ಏಳನೆಯ ದಿನದ ಸಂಜೆ, ಹಬ್ಬಕ್ಕೆಂದು ತೋಡಿದ ಅಲಾಯಿ ಕುಣಿಯ ಬೆಂಕಿಯ ಮುಂದೆ, ಆ ದೇವರು ನಾಲ್ಕು ಬೆರಳು ಮಡಿಸಿದ.

ದೂರು ಠಾಣೆಗೆ ಬಂದದ್ದು ಮರುದಿನ, 2025ರ ಜುಲೈ 4, ಶುಕ್ರವಾರ, ಬೆಳಿಗ್ಗೆ 8.40ಕ್ಕೆ. ತಂದವಳು ಆ ಸಾಲಿನ ಹಿರಿಯಳು ಪೀರಮ್ಮ. ಇನ್‌ಸ್ಪೆಕ್ಟರ್ ಮುನೀಂದ್ರನ ಮೇಜಿನ ಮೇಲೆ ಹಸಿರು ಬಟ್ಟೆಯ ಗಂಟನ್ನಿಟ್ಟು ಕೈಮುಗಿದಳು.

"ನಮ್ಮ ಪೀರಪ್ಪ ಬಾಗ್ಯಾನ್ರಿ ಸಾಹೇಬ್ರ."

ಮುನೀಂದ್ರ ಗಂಟು ಬಿಚ್ಚಿದ. ಬಂಗಾರದ ಬಣ್ಣದ ಕೈ. ಬೆರಳುಗಳು ಬಾಡಿದ ನುಗ್ಗೆಕಾಯಿಯಂತೆ ಜೋತುಬಿದ್ದಿದ್ದವು. ಕೆರೆದು ನೋಡಿದರೆ ಬಣ್ಣದ ಕೆಳಗೆ ಬೂದು ಬಣ್ಣದ ಸಣ್ಣ ಸಣ್ಣ ಗೆರೆ.

"ಇದು ಪ್ಲಾಸ್ಟಿಕ್ ಕಣಮ್ಮ."

"ಅದಕ್ಕ ಬಂದೀನ್ರಿ. ನಮ್ಮಪ್ಪ ಪ್ಲಾಸ್ಟಿಕ್ ಅಲ್ಲ."

"ತ್ರೀಡಿ ಪ್ರಿಂಟ್ ಸರ್," ಎಂದಳು ಕಾನ್‌ಸ್ಟೆಬಲ್ ನಾಜಿಶ್. ಪುಲಿಕೇಶಿನಗರದ ಹುಡುಗಿ, ಠಾಣೆಗೆ ಬಂದು ವರ್ಷವಾಗಿರಲಿಲ್ಲ. "ನನ್ನ ತಮ್ಮ ಇದ್ರಲ್ಲೇ ಮೊಬೈಲ್ ಸ್ಟ್ಯಾಂಡ್ ಮಾಡ್ಸಿದಾನೆ."

ಪೀರಮ್ಮ ತನ್ನ ಸಂಕಟ ಹೇಳಿಕೊಂಡಳು. ಹತ್ತನೆಯ ದಿನ, ಅಂದರೆ ಭಾನುವಾರ, ಪೀರಪ್ಪ ಕುಣಿಯನ್ನು ಒಂದು ಸುತ್ತು ಬಂದರೇ ಕುಣಿ ಮುಚ್ಚುವುದು. ಕುಣಿ ಬಾಯಿ ತೆರೆದಿರುವಷ್ಟು ದಿನ ಆ ಸಾಲಿನವರು ಬೇರೆಲ್ಲೂ ನೆಲ ಅಗೆಯುವಂತಿಲ್ಲ. ಅಗೆಯುವುದೇ ಅವರ ಅನ್ನ.

"ಭಾನುವಾರದೊಳಗೆ ತಂದು ತೋರಿಸ್ತೀನಿ, ಹೋಗಿ," ಎಂದುಬಿಟ್ಟ ಮುನೀಂದ್ರ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಲ್ಲಿಂದ ಶುರುವಾಯಿತು ಅವನ ಪೀಡೆ. ಎಫ್‌ಐಆರ್ ತುಂಬುವ ಕಂಪ್ಯೂಟರಿಗೆ ಪಂಜಾ ಗೊತ್ತಿರಲಿಲ್ಲ. ವಿಗ್ರಹ ಎಂದರೆ ಯಾವ ದೇವರದು ಎಂದು ಕೇಳಿತು. ಕೊನೆಗೆ ‘ಇತರೆ’ ಎಂದು ಒತ್ತಿ, ಪೂಜಾಸ್ಥಳದ ವಿಗ್ರಹ ಕಳವಿಗೆ ಬಿಎನ್‌ಎಸ್ ಕಲಂ 305 ಹಾಕಿದ್ದಾಯಿತು. ಅಷ್ಟರಲ್ಲಿ ಎಸಿಪಿಯವರ ಫೋನು.

"ಪ್ಲಾಸ್ಟಿಕ್ ದೇವರಿಗೆ ಎಫ್‌ಐಆರ್ ಹಾಕಿದೀರಂತೆ?"

"ಹಿತ್ತಾಳೆ ದೇವರಿಗೆ ಸರ್."

"ನೋಡ್ರಿ, ಮೊಹರಂ ಟೈಮು. ಬೇಗ ಮುಗಿಸಿ."

ಪೀರಪ್ಪನನ್ನು ನಿಲ್ಲಿಸಿದ್ದ ತಗಡಿನ ಕೋಣೆಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ. ಹಗಲೆಲ್ಲ ಸಕ್ಕರೆ ಓದಿಸಲು, ಎಂದರೆ ಪೀರಪ್ಪನ ಮುಂದಿಟ್ಟು ಬೇಡಿಕೊಂಡು ಒಯ್ಯಲು, ಹೆಂಗಸರು ಬಂದು ಹೋಗುತ್ತಿದ್ದರು. ಬೀಗದ ಕೀಲಿ ಇದ್ದದ್ದು ಪೀರಪ್ಪನನ್ನು ಹೊರುವ ಭಗವಂತರಾಯನ ಉಡಿದಾರದಲ್ಲಿ. ಅವನನ್ನು ಠಾಣೆಗೆ ಕರೆತಂದರು.

"ಗುರುವಾರ ಹೊತ್ತೋನು ನೀನೇ ತಾನೆ?"

"ನಾನೇ ರಿ."

"ಹಿತ್ತಾಳೆ ಭಾರ ಎಲ್ಲಿ, ಪ್ಲಾಸ್ಟಿಕ್ ಎಲ್ಲಿ? ಗೊತ್ತಾಗ್ಲಿಲ್ವಾ?"

ಭಗವಂತರಾಯ ತಲೆ ತಗ್ಗಿಸಿದ. "ಹಗುರ ಆಗಿದ್ದ್ರಿ. ಒಲಿದ್ರ ಪೀರ ಹೂವಿನಂಗ ಹಗುರ ಆಗ್ತಾನ ಅಂತ ನಮ್ಮಪ್ಪ ಹೇಳ್ತಿದ್ದ. ಅಂತೂ ಈ ವರ್ಷ ನನಗ ಒಲಿದ ಅಂತ ಹಿಗ್ಗಿ, ಇನ್ನಷ್ಟು ಬೆಂಕಿ ಹತ್ರಾನೇ ಕುಣದೆ."

ನಾಜಿಶ್ ಕಿಟಕಿಯ ಕಡೆ ತಿರುಗಿ ನಿಂತಳು. ಮುನೀಂದ್ರನಿಗೆ ನಗು ಬರಲಿಲ್ಲ. ಇಂಥ ಕತೆ ಕಟ್ಟುವವನು ಕಳ್ಳನೇ ಸೈ ಎಂದು ಇಡೀ ಶುಕ್ರವಾರ ಅವನನ್ನು ಬೆಂಚಿನ ಮೇಲೆ ಕೂರಿಸಿ ಕೇಳಿದ್ದನ್ನೇ ಕೇಳಿದ. ಕಲ್ಲಿನಿಂದ ಎಣ್ಣೆ ತೆಗೆದಂತಾಯಿತು. ರಾತ್ರಿ ಮನೆಗೆ ಕಳಿಸಿದ.

ಶನಿವಾರ ಪ್ರಿಂಟ್ ಮಾಡುವವರ ಹುಡುಕಾಟ. ಹಲಸೂರಿನಲ್ಲಿ ಒಂದು ಅಂಗಡಿ ಮುಚ್ಚಿತ್ತು. ಇಂದಿರಾನಗರದಲ್ಲಿ ಗಡ್ಡದ ಯುವಕನೊಬ್ಬ ಕಾಫಿ ಕೊಟ್ಟು ಮುಕ್ಕಾಲು ಗಂಟೆ ಭವಿಷ್ಯದ ಬಗ್ಗೆ ಮಾತಾಡಿದ. ಪಂಜಾದ ಬಗ್ಗೆ ಅವನಿಗೇನೂ ತಿಳಿಯದು. ಜೀಪು ಟ್ರಾಫಿಕ್‌ನಲ್ಲಿ ತೆವಳಿ ಶಿವಾಜಿನಗರ ಮುಟ್ಟುವಾಗ ಮುನೀಂದ್ರ ತನ್ನ ಮಾತಿಗೆ ತಾನೇ ಶಾಪ ಹಾಕಿಕೊಳ್ಳುತ್ತಿದ್ದ. ಅಲ್ಲಿ, ಟ್ರೋಫಿ ಮಾರುವ ಗಲ್ಲಿಯೊಂದರಲ್ಲಿ, ಸೈಫ್ ಎಂಬ ಅಂಗಡಿಯವನು ಬಾಗಿದ ಕೈಯನ್ನು ನೋಡಿ ತಲೆ ಕೆರೆದುಕೊಂಡ.

"ಪ್ರಿಂಟ್ ನಮ್ದೇ ಸಾಬ್. ಪೇಂಟ್ ನಮ್ದಲ್ಲ."

"ಯಾರು ಮಾಡ್ಸಿದ್ದು?"

"ಒಂದ್ ಹುಡ್ಗಿ. ಡಿಸೈನ್ ಎಐನಲ್ಲಿ ಅವಳೇ ಮಾಡ್ಕೊಂಡ್ ಬಂದ್ಲು. ಒಂದ್ ಫೋಟೋ ಕೊಟ್ರೆ ಸಾಕು, ಅದೇ ಇಡೀ ವಸ್ತು ಮಾಡಿ ಕೊಡುತ್ತೆ, ನಾವು ಪ್ರಿಂಟ್ ಹಾಕೋದು. ಮೊದ್ಲು ಆರು ಬೆರಳು ಬಂದಿತ್ತಂತೆ. ಸರಿ ಮಾಡೋಕೆ ಸುಮಾರು ಒದ್ದಾಡಿದ್ಳಂತೆ ಪಾಪ. ಆದ್ರೂ ಇದು ಉಳ್ಕೊಂಡ್ಬಿಡ್ತು ನೋಡಿ."

ಸೈಫ್ ಕೈಯನ್ನು ಮಗುಚಿದ. ಬಾಗಿದ ಪ್ರತಿ ಬೆರಳ ಹಿಂದೆ ಅಚ್ಚುಕಟ್ಟಾದ ಉಗುರು.

"ಫೋಟೋ ಮುಂದ್ಗಡೇದು ಒಂದೇ. ಹಿಂದ್ಗಡೆ ಏನಿದೆ ಅಂತ ಎಐಗೇನ್ ಗೊತ್ತು? ಕೈ ಅಂದ್ರೆ ಉಗುರು ಇರ್ಬೇಕಲ್ಲ ಅಂತ ಇಟ್ಬಿಟ್ಟಿದೆ. ತೆಗೀಲಾ ಅಂತ ಕೇಳ್ದೆ. ‘ಬೆನ್ನು ಹೆಂಗೈತಿ ನನಗೂ ಗೊತ್ತಿಲ್ಲ, ಇರ್ಲಿ ಬಿಡ್ರಿ’ ಅಂದ್ಲು."

ಮುನೀಂದ್ರ ಅಲ್ಲಿಂದಲೇ ಭಗವಂತರಾಯನಿಗೆ ಫೋನು ಮಾಡಿದ.

"ಪೀರಪ್ಪನ ಬೆನ್ನ ಮೇಲೆ ಏನಿದೆ?"

"ಏನೂ ಇಲ್ರಿ. ರೊಟ್ಟಿ ಹಂಚಿನಂಗ ಬೋಳು. ಯಾಕ್ರಿ?"

ಮುನೀಂದ್ರ ಫೋನಿಟ್ಟ. ಆ ಬೆನ್ನನ್ನು ವರ್ಷವೂ ತೊಳೆಯುವವನು ನಕಲು ಮಾಡಿಸಿದ್ದರೆ ಅದರಲ್ಲಿ ಉಗುರು ಉಳಿಸುತ್ತಿರಲಿಲ್ಲ. ಒಂದು ದಿನ ತಪ್ಪು ಮನುಷ್ಯನ ಮೇಲೆ ಹಾಳಾಗಿತ್ತು. ಡಿಸೈನ್ ಬಂದಿದ್ದ ಫೋನ್ ನಂಬರ್ ಪ್ರಿಯದರ್ಶಿನಿ ಎಂಬವಳದು. ಪೀರಮ್ಮನ ಸಾಲಿನವಳೇ, ಅಲ್ಲೇ ಹತ್ತಿರದ ಆಫೀಸೊಂದರಲ್ಲಿ ಕಂಪ್ಯೂಟರಿನ ಚಿತ್ರಗಳಿಗೆ ಗುರುತು ಹಾಕುವ ಕೆಲಸ. ಫೋನ್ ಸ್ವಿಚ್ ಆಫ್. ಮನೆಗೆ ಬೀಗ. ನೈಟ್ ಶಿಫ್ಟ್, ಬೆಳಿಗ್ಗೆ ಬರ್ತಾಳೆ ಎಂದರು ಪಕ್ಕದವರು.

ಜುಲೈ 6, ಭಾನುವಾರ, ಬೆಳಿಗ್ಗೆ 9.15. ಅವಳೇ ಬಾಗಿಲು ತೆಗೆದಳು. ಸಮವಸ್ತ್ರ ಕಂಡು ತಲೆ ತಗ್ಗಿಸಿ ಪಕ್ಕಕ್ಕೆ ಸರಿದಳು.

"ಎಲ್ಲಿದೆ?"

"ಅಕ್ಕಿ ಡಬ್ಬಿಯಾಗ."

"ಮಾರೋಕಾ?"

ಪ್ರಿಯದರ್ಶಿನಿ ತಟ್ಟನೆ ತಲೆಯೆತ್ತಿದಳು. "ದೇವ್ರನ್ನ ಯಾರರ ಮಾರ್ತಾರೇನ್ರಿ?"

"ಮತ್ತೆ?"

ಮೂರು ವರ್ಷದ ಹಿಂದೆ ಅವಳ ಅಪ್ಪ ಸಾರುವೆಯಿಂದ ಬಿದ್ದು ಆಸ್ಪತ್ರೆಯಲ್ಲಿದ್ದಾಗ, ಬದುಕಿಸಿದರೆ ಹೆಗಲ ಮೇಲೆ ಹೊತ್ತು ಕುಣಿ ಸುತ್ತುತ್ತೇನೆಂದು ಪೀರಪ್ಪನಿಗೆ ಹರಕೆ ಹೊತ್ತಿದ್ದಳು. ಅಪ್ಪ ಬದುಕಿದ, ಈಗ ಬಾಣಸವಾಡಿಯಲ್ಲಿ ವಾಚ್‌ಮನ್. ಅಂದಿನಿಂದ ಪ್ರತಿ ಮೊಹರಮ್ಮಿಗೂ ಕೇಳುತ್ತಿದ್ದಳು. ಹೆಣ್ಣು ಮುಟ್ಟುವಂತಿಲ್ಲ ಎಂದು ಭಗವಂತರಾಯ ಪ್ರತಿ ವರ್ಷವೂ ಗದರಿಸಿ ಕಳಿಸುತ್ತಿದ್ದ.

"ಮೊದಲ ನಕಲೀನೇ ಹೊತ್ತು ಹರಕೆ ಮುಟ್ಟಸಬೇಕಂತ ಮಾಡ್ಸಿದ್ದೆ. ಮಾಡ್ಸಿ ಕೈಯಾಗ ಹಿಡಿದೆ, ಆಟಿಗಿ ಸಾಮಾನು ಹಿಡದಂಗಾತು. ಅದಕ್ಕ ಸಕ್ಕರಿ ಓದ್ಸಾಕ ಹೋದಾಗ, ಯಾರೂ ಇಲ್ಲದ್ದು ನೋಡಿ, ದಟ್ಟಿ ಬಿಚ್ಚಿ ನಕಲಿಗೆ ಕಟ್ಟಿ ಬದಲ್ ಮಾಡಿದೆ. ವಾಪಸ್ ಇಡಾಕಿ ಇದ್ದೆ ರಿ."

"ಹೊತ್ತೆಯಾ?"

"ಹೊತ್ತೆ. ಇಲ್ಲೇ, ಗ್ಯಾಸ್ ಒಲಿ ಹಚ್ಚಿ, ಅದರ ಸುತ್ತ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅರ್ಧಕ್ಕ ನಗು ಬಂತ್ರಿ. ಆಮ್ಯಾಲ ಅಳು. ಮಂದಿ ಇಲ್ಲ, ಹಲಗಿ ಇಲ್ಲ. ಪೀರಪ್ಪ ಒಬ್ಬಾಕಿ ಸಲುವಾಗಿ ಬರೂ ದೇವ್ರಲ್ಲ."

ಬೆಳಿಗ್ಗೆ 10.05ಕ್ಕೆ ಬಂಧನ. ಪಂಚರ ಮುಂದೆ, ನಾಜಿಶ್ ವಿಡಿಯೊ ಮಾಡುತ್ತಿರುವಾಗ, ಆರೋಪಿ ತನ್ನ ಕೈಯಾರೆ ಡಬ್ಬಿಯಿಂದ ಪಂಜಾ ತೆಗೆದಳು. ಬೆರಳ ಸಂದಿನಿಂದ ಅಕ್ಕಿ ಉದುರಿತು. ಬೆನ್ನು ಬೋಳಾಗಿತ್ತು.

ಹೊರಗೆ ಇಡೀ ಸಾಲು ಸೇರಿತ್ತು. ಮೂರು ದಿನದಿಂದ ಹಲಗೆಯನ್ನು ಬಾರಿಸದೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಹಲಗೆಯವರು ಎದ್ದು ನಿಂತರು. ಕುಣಿಯಲ್ಲಿ ಕೆಂಡ ಬೂದಿ ಮುಸುಕಿತ್ತು. ವಶಪಡಿಸಿಕೊಂಡ ಮಾಲು ಮೊದಲು ಠಾಣೆಗೆ, ಆಮೇಲೆ ಕೋರ್ಟಿಗೆ. ಬಿಡಿಸಿಕೊಳ್ಳಲು ಎಷ್ಟು ವಾರವೋ. ಇವತ್ತು ಕೋರ್ಟಿಗೆ ರಜೆ. ಕೊಟ್ಟ ಮಾತು ಕಣ್ಣೆದುರೇ ಮುರಿಯುವುದನ್ನು ನೋಡುತ್ತ ಮುನೀಂದ್ರ ಹಲ್ಲು ಕಡಿದ.

ಭಗವಂತರಾಯ ಪಂಜಾಕ್ಕೆ ಕೈ ಚಾಚಿದ. "ಕೊಡವಾ ಇಲ್ಲಿ."

"ಕೈ ತೆಗಿ," ಎಂದ ಮುನೀಂದ್ರ. "ಅದೀಗ ಕೇಸಿನ ಮಾಲು. ಆರೋಪಿ ತೆಗೆದಿದಾಳೆ, ಜೀಪಿನ ತನಕ ಆರೋಪಿನೇ ತರ್ಬೇಕು."

"ಹೆಣ್ಮಗಳು ರಿ ಸಾಹೇಬ್ರ."

"ಪಂಚನಾಮೇಲಿ ಗಂಡು ಹೆಣ್ಣು ಅಂತಿಲ್ಲ ಭಗವಂತರಾಯ. ನೀನು ಮುಟ್ಟಿದ್ರೆ ನಿನ್ ಹೆಸ್ರೂ ಬರೀಬೇಕಾಗುತ್ತೆ."

ಜೀಪು ಸಾಲಿನ ತುದಿಯಲ್ಲಿತ್ತು, ಬಾಗಿಲಿನಿಂದ ನೇರ ದಾರಿ.

"ಆ ಕಡೆಯಿಂದ ಬನ್ನಿ," ಎಂದು ಮುನೀಂದ್ರ ಕುಣಿಯತ್ತ ಕೈ ತೋರಿಸಿದ. "ಇಲ್ಲಿ ಕೆಸರಿದೆ."

ನಾಜಿಶ್ ಒಣಗಿದ ನೇರ ದಾರಿಯನ್ನು ನೋಡಿದಳು. ಆರೋಪಿಯ ಪಕ್ಕಕ್ಕೆ ಹೋಗಿ ನಿಂತಳು.

ಪ್ರಿಯದರ್ಶಿನಿ ಪಂಜಾವನ್ನು ಹೆಗಲಿಗೇರಿಸಿದಳು. ಭಾರಕ್ಕೆ ಒಂದು ಸಲ ತೂಗಾಡಿ ಸಾವರಿಸಿಕೊಂಡು ಕುಣಿಯ ಅಂಚಿಗೆ ಬಂದಳು. ಆಮೇಲೆ ಹಲಗೆಯೊಂದು ತಡವರಿಸುತ್ತ ಸದ್ದು ಮಾಡಿತು, ಇನ್ನೊಂದು ಅದಕ್ಕೆ ಕೂಡಿತು. ಭಗವಂತರಾಯನ ಕಾಲು ಅವನನ್ನು ಕೇಳದೆ ತಾಳ ಹಾಕತೊಡಗಿತು. ಅವಳು ಅಳುತ್ತಲೇ ಒಂದು ಸುತ್ತು ಪೂರೈಸಿ ಹೊರಟಲ್ಲಿಗೆ ಬಂದು ನಿಂತಳು.

ಪೀರಮ್ಮ ಬೊಗಸೆ ತುಂಬ ಮಣ್ಣು ತೆಗೆದು ಕುಣಿಗೆ ಹಾಕಿದಳು.