ಎಪ್ಪತ್ತು ಅಡಿ ತಂತಿ, ಒಂದೇ ಗುಂಡಿ

ಅತ್ತೆ ಹಳೆಯ ಟೂತ್‌ಬ್ರಷ್ ಹಿಡಿದು ತಂತಿಯ ತುದಿಗೆ ಅಂಟಿದ ಮಣ್ಣು ಉಜ್ಜುತ್ತಿದ್ದರು. ಸುತ್ತ ಮನೆಯ ಯಜಮಾನರು, ತಂತಿ ಹೂತ ಎಲೆಕ್ಟ್ರಿಷಿಯನ್, ಮಾಲಿ ನಿಂತಿದ್ದರು. ಹುಲ್ಲುಹಾಸಿನ ನಡುವೆ ಒಂದು ಗುಂಡಿ. ಅದರಲ್ಲಿ ತೋಟದ ದೀಪಗಳ ತಂತಿ — ಎರಡು ತುಂಡು.

ಮಾಲಿ ಕೈಕಟ್ಟಿ ನಿಂತಿದ್ದ. ಎಂಟು ದಿನದ ಹಿಂದೆ ದೀಪಗಳು ಆರಿದ್ದವು. ತಂತಿ ಕಡಿದವನು ಅವನೇ ಎಂದು ಮಾರನೇ ಬೆಳಿಗ್ಗೆಯೇ ಯಜಮಾನರು ಅವನನ್ನು ಗೇಟಿನಾಚೆ ಕಳಿಸಿದ್ದರು. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಅದೇ ಬೀದಿಯ ಇನ್ನೆರಡು ಮನೆಗಳಿಗೂ ಫೋನ್ ಹೋಗಿತ್ತು: ಅವನನ್ನು ಒಳಗೆ ಬಿಡಬೇಡಿ. ಮೂರು ತೋಟಗಳೂ ಒಂದೇ ದಿನ ಕೈತಪ್ಪಿದವು. ಇವತ್ತು ತಂತಿ ತೋರಿಸಿ ತಪ್ಪೊಪ್ಪಿಸಲು ಕರೆಸಿದ್ದರು.

"ಇನ್ನೂ ಏನು ನೋಡ್ತೀರಿ ಅತ್ತೆ?" ಯಜಮಾನರು ವಾಚು ನೋಡಿಕೊಂಡರು. "ಗುದ್ದಲಿ ಏಟು. ಕುರುಡನಿಗೂ ಕಾಣುತ್ತೆ."

"ಕುರುಡನಿಗೆ ಕಾಣಬಹುದು. ನಂಗೆ ಕಾಣ್ತಿಲ್ಲ."

ಯಜಮಾನರ ಸೋದರತ್ತೆ ಅವರು. ನೆಲದಡಿಯ ಟೆಲಿಫೋನ್ ಕೇಬಲ್ ಎಲ್ಲಿ ಕೆಟ್ಟಿದೆ ಎಂದು ಮೂವತ್ತು ವರ್ಷ ಹುಡುಕಿ ನಿವೃತ್ತರಾದವರು.

"ಒಂದಡಿ ಆಳಕ್ಕೆ ಹೂತಿದ್ದೆ ಮೇಡಂ," ಎಂದ ಎಲೆಕ್ಟ್ರಿಷಿಯನ್. "ಇವನು ಹುಲ್ಲಲ್ಲಿ ಎಲ್ಲೆಂದರಲ್ಲಿ ಗುದ್ದಲಿ ಹಾಕಿದ್ರೆ ನಾನೇನು ಮಾಡ್ಲಿ?"

ಹುಲ್ಲುಹಾಸಿಗೆ ಗುದ್ದಲಿ! ಕ್ಷೌರಕ್ಕೆ ಕೊಡಲಿ ತಂದ ಹಾಗೆ. ಮಾಲಿ ಬಂದ ನಗುವನ್ನು ನುಂಗಿಕೊಂಡ. ಇವನಿಗೆ ಹುಲ್ಲೂ ಗೊತ್ತಿಲ್ಲ.

ಅತ್ತೆ ಗುಂಡಿಗೆ ಬೆರಳಿಳಿಸಿದರು. ಎರಡನೇ ಗೆಣ್ಣಿಗೇ ತಂತಿ ತಾಗಿತು.

"ನಿಮ್ಮ ಕಡೆ ಅಡಿ ಅಂದ್ರೆ ಇಷ್ಟೇನಾ?"

ಎಲೆಕ್ಟ್ರಿಷಿಯನ್ ಕೆಮ್ಮಿದ.

"ಗುಂಡಿ ತೋಡಿದ್ದು ಯಾರು?"

"ನಾನೇ. ಇವತ್ತು ಬೆಳಿಗ್ಗೆ, ಸಾರ್ ಎದುರಿಗೇ."

"ತಂತಿ ಎಷ್ಟು ಉದ್ದ?"

"ಎಪ್ಪತ್ತು ಅಡಿ."

"ಎಷ್ಟು ಗುಂಡಿ ತೋಡಿದ್ರಿ?"

"ಇದೊಂದೇ. ಅನುಭವ, ಮೇಡಂ."

"ಓಹೋ! ಕೇಬಲ್ ಕೆಟ್ಟ ಜಾಗ ತೋರಿಸೋ ಯಂತ್ರ ಹಿಡಿದುಕೊಂಡೂ ನಾನು ನಾಲ್ಕು ಕಡೆ ಅಗೆಸ್ತಿದ್ದೆ. ನಿಮ್ಮಂಥವರು ನಮ್ಮ ಇಲಾಖೆಗೆ ಸಿಗಲಿಲ್ವಲ್ಲ, ಪಾಪ." ಅತ್ತೆ ಯಜಮಾನರ ಕಡೆ ತಿರುಗಿದರು. "ಹುಲ್ಲಿಗೆ ನೀರು?"

"ದಿನಾ ಎರಡು ಹೊತ್ತು. ಪೈಪು ತಾನಾಗಿ ಚಿಮ್ಮುತ್ತೆ."

"ಮಾಲಿ ಮತ್ತೆ ಒಳಗೆ ಬಂದಿದ್ನಾ?"

"ಎಲ್ಲಿಂದ? ಗೇಟಿಗೆ ಬೀಗ ಹಾಕಿಸಿದ್ದೆ. ನಿನ್ನೆ ಈ ಎಲೆಕ್ಟ್ರಿಷಿಯನ್ ಒಬ್ಬರೇ ಪರೀಕ್ಷೆ ಮಾಡೋಕೆ ಬಂದಿದ್ರು, ಅಷ್ಟೇ."

ಅತ್ತೆ ತಂತಿಯ ತುದಿಯನ್ನು ಯಜಮಾನರ ಮೂಗಿನ ಹತ್ತಿರ ಹಿಡಿದರು. ತಾಮ್ರ ಫಳಫಳ ಹೊಳೆಯುತ್ತಿತ್ತು.

"ಎಂಟು ದಿನ ಒದ್ದೆ ಮಣ್ಣಲ್ಲಿ ಬಿದ್ದ ತಾಮ್ರ ಕಪ್ಪಾಗ್ಬೇಕು, ಅದು ಬ್ರಷ್ಷಿಗೂ ಹೋಗಲ್ಲ. ಇದು ಮದುವಣಗಿತ್ತಿ ಹಾಗೆ ಮಿಂಚ್ತಿದೆ. ದೀಪ ಆರಿದ ಎಷ್ಟೋ ದಿನದ ಮೇಲೆ ತಂತಿ ತುಂಡಾಗಿದೆ. ಯಾರಿಂದ? ಬೀಗದಾಚೆ ಇದ್ದವನಿಂದಲಾ?"

ಎಲೆಕ್ಟ್ರಿಷಿಯನ್ ಚೀಲ ಎತ್ತಿಕೊಂಡ.

"ಇಡಿ ಅದನ್ನ. ಮೂರನೇ ದೀಪದ ಬುಡದಲ್ಲಿ ನೀರು ನಿಂತಿದೆ, ಅಲ್ಲಿ ಅಗೆಯಿರಿ."

ಅಗೆದ. ತಂತಿಯ ಜೋಡಣೆ ಮೇಲೆ ಬಂತು. ನೀರು ಹೋಗದ ಹಾಗೆ ಮುಚ್ಚುವ ಡಬ್ಬಿ ಇಲ್ಲ. ಸುತ್ತಿದ್ದು ಬರೀ ಟೇಪು. ಅತ್ತೆ ಅದನ್ನು ಹಿಂಡಿದರು. ನೀರು ತೊಟ್ಟಿಕ್ಕಿತು. ಒಳಗಿನ ತಾಮ್ರ ಹಸಿರು ಪುಡಿಯಾಗಿತ್ತು.

"ದೀಪ ಆರಿದ್ದು ಇಲ್ಲಿ. ಇವರ ಕೆಲಸ ಕೆಟ್ರೆ ಗ್ಯಾರಂಟಿ ಪ್ರಕಾರ ಎರಡು ವರ್ಷ ಇವರೇ ಬಿಟ್ಟಿ ರಿಪೇರಿ ಮಾಡ್ಕೊಡಬೇಕು. ಬೇರೆಯವರು ತಂತಿ ಕಡಿದ್ರೆ ಬೇಕಿಲ್ಲ. ಅದಕ್ಕೇ ನಿನ್ನೆ ಕತ್ತರಿಸಿ ಮುಚ್ಚಿದ್ರು, ಇವತ್ತು 'ಹುಡುಕಿದ್ರು'. ತಂತಿ ಹೂಳೋಕೆ ಬರಲ್ಲ, ಕಳ್ಳಾಟ ಹೂಳೋಕೂ ಬರಲ್ಲ. ಹೋಗಲಿ, ಯಾವುದಾದ್ರೂ ಒಂದು ಕೆಲಸ ಸರಿಯಾಗಿ ಕಲಿಯಿರಿ."

ಯಜಮಾನರು ಮಾಲಿಯ ಕಡೆ ತಿರುಗಿದರು. "ಸರಿ ಕಣೋ. ನಾಳೆಯಿಂದ ಬಾ."

ಎಂಟು ದಿನಕ್ಕೆ ಇಷ್ಟೇ ಮಾತು. ಈ ಮನುಷ್ಯನ ಮುಂದೆ ಇನ್ನು ಕೈಕಟ್ಟಿ ನಿಲ್ಲುವುದೇಕೆ? ಮಾಲಿ ಕಟ್ಟಿದ ಕೈ ಬಿಡಿಸಿದ.

"ಆ ಎರಡು ಮನೆಗೂ ಈಗಲೇ ಫೋನ್ ಮಾಡಿ ಸಾರ್. ತಂತಿ ಕಡಿದಿದ್ದು ನಾನಲ್ಲ ಅಂತ ಹೇಳಿ."

ಯಜಮಾನರು ಫೋನ್ ತೆಗೆಯದೆ, ಮತ್ತೆ ವಾಚು ನೋಡಿಕೊಂಡು ಮನೆಯೊಳಗೆ ನಡೆದರು.